ಎಂಜಿನ್ ಶಕ್ತಿನಷ್ಟ: ಹಳೆಯ ವಾಹನಗಳಲ್ಲಿ ಕಾರಣ ಪತ್ತೆ

ಎಂಜಿನ್ ಶಕ್ತಿನಷ್ಟ ಎಂದರೆ ವಾಹನದ ಎಂಜಿನ್ ನಿಗದಿತ ವೇಗದಲ್ಲಿ, ನಿಗದಿತ ಭಾರ ಹೊತ್ತಾಗ ಕೊಡಬೇಕಾದಷ್ಟು ಶಕ್ತಿಯನ್ನು ಕೊಡಲಾರದೆ ಹೋಗುವ ಸ್ಥಿತಿ. ಏರು ಹತ್ತುವಾಗ ಹಿಂದೆಂದಿಗಿಂತ ಬೇಗ ಗೇರ್ ಇಳಿಸಬೇಕಾಗುವುದು, ನೇಗಿಲು ನೆಲಕ್ಕಿಳಿದ ಕೂಡಲೇ ಎಂಜಿನ್ ವೇಗ ಕುಸಿಯುವುದು, ತುಂಬಿದ ಟ್ರೇಲರ್ ಕದಲದಿರುವುದು, ಆಕ್ಸಲರೇಟರ್ ಪೂರ್ತಿ ಒತ್ತಿದರೂ ವೇಗ ತಡವಾಗಿ ಏರುವುದು ಇದರ ಲಕ್ಷಣಗಳು. ಶಕ್ತಿನಷ್ಟ ತಾನೇ ಒಂದು ದೋಷವಲ್ಲ. ಗಾಳಿ, ಇಂಧನ, ಕಿಡಿ, ಸಂಪೀಡನ, ನಿಷ್ಕಾಸ ಹಾಗೂ ಚಾಲನಾ ಭಾಗಗಳಲ್ಲಿ ಎಲ್ಲಿಯೇ ಕೆಟ್ಟಿದ್ದರೂ ಹೊರಗೆ ಕಾಣುವ ಲಕ್ಷಣ ಇದೇ. ವಿಜಯನಗರ ಜಿಲ್ಲೆಯ ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಮತ್ತು ಹೂವಿನಹಡಗಲಿ ತಾಲ್ಲೂಕುಗಳಲ್ಲಿ ಓಡುತ್ತಿರುವ ಹಳೆಯ ಟ್ರ್ಯಾಕ್ಟರ್, ಜೀಪು, ಲಾರಿ ಮತ್ತು ದ್ವಿಚಕ್ರ ವಾಹನಗಳನ್ನು ಮುಂದಿಟ್ಟುಕೊಂಡು ಇಲ್ಲಿ ಪತ್ತೆಯ ವಿಧಾನಗಳನ್ನು ವಿವರಿಸಲಾಗಿದೆ.

ಪರಿಭಾಷೆ

ಕೆಲಸ ನಡೆಯುವ ದರವೇ ಶಕ್ತಿ. ವಾಹನಗಳಲ್ಲಿ ಇದನ್ನು ಅಶ್ವಶಕ್ತಿಯಲ್ಲಿ ಹೇಳುವುದು ರೂಢಿ. ಒಂದು ಮೆಟ್ರಿಕ್ ಅಶ್ವಶಕ್ತಿ ಎಂದರೆ ಸುಮಾರು 735.5 ವ್ಯಾಟ್. ಕ್ರ್ಯಾಂಕನ್ನು ತಿರುಗಿಸುವ ಬಲಕ್ಕೆ ಟಾರ್ಕ್ ಎನ್ನುತ್ತಾರೆ. ಟಾರ್ಕ್ ಮತ್ತು ತಿರುಗುವ ವೇಗಗಳ ಗುಣಲಬ್ಧಕ್ಕೆ ಅನುಗುಣವಾಗಿ ಶಕ್ತಿ ಇರುತ್ತದೆ. ಚಾಲಕರು ‘ಗಾಡಿ ಜಗ್ಗವಲ್ದು’ ಎಂದಾಗ ಸಾಮಾನ್ಯವಾಗಿ ಕಡಿಮೆ ವೇಗದಲ್ಲಿ ಟಾರ್ಕ್ ಕುಂದಿರುತ್ತದೆ. ‘ಪಿಕಪ್ ಇಲ್ಲ’ ಎಂದಾಗ ವೇಗ ಏರುವುದು ತಡವಾಗುತ್ತಿರುತ್ತದೆ. ಮೊದಲನೆಯದರಲ್ಲಿ ಸಂಪೀಡನ, ಕ್ಲಚ್ ಮತ್ತು ನಾಜಲ್‌ಗಳನ್ನೂ ಎರಡನೆಯದರಲ್ಲಿ ಇಂಧನದ ಹರಿವು, ಕಾರ್ಬ್ಯುರೇಟರ್ ಮತ್ತು ನಿಷ್ಕಾಸ ಮಾರ್ಗವನ್ನೂ ಮೊದಲು ಶಂಕಿಸಬೇಕು. ಆದುದರಿಂದ ದೂರನ್ನು ಚಾಲಕರು ಹೇಳಿದ ಮಾತಿನಲ್ಲೇ ಬರೆದುಕೊಳ್ಳುವುದು ಉಪಯುಕ್ತ.

ಈ ಲೇಖನದಲ್ಲಿ ‘ಹಳೆಯ ವಾಹನ’ ಎಂದರೆ ಕಾರ್ಬ್ಯುರೇಟರ್ ಅಥವಾ ಯಾಂತ್ರಿಕ ಇಂಧನ ಪಂಪ್ ಇರುವ, ಗಣಕ ನಿಯಂತ್ರಣವಿಲ್ಲದ ವಾಹನ.

ಪ್ರದೇಶ ಮತ್ತು ವಾಹನಗಳು

ಈ ಐದು ತಾಲ್ಲೂಕುಗಳು ಕಪ್ಪು ಮತ್ತು ಕೆಂಪು ಮಣ್ಣಿನ ಬಯಲು ಪ್ರದೇಶ. ಪಶ್ಚಿಮದ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತದೆ; ಕೂಡ್ಲಿಗಿಯ ಕಡೆ ಕಲ್ಲುಗುಡ್ಡಗಳಿವೆ. ಮೆಕ್ಕೆಜೋಳ, ಜೋಳ, ಶೇಂಗಾ, ಈರುಳ್ಳಿ ಇಲ್ಲಿನ ಮುಖ್ಯ ಬೆಳೆಗಳು. ಉಳುಮೆ, ಒಕ್ಕಣೆ, ಮಾರುಕಟ್ಟೆಗೆ ಸಾಗಣೆ, ಕೊಟ್ಟೂರು ಮತ್ತು ಮೈಲಾರದ ಜಾತ್ರೆಗಳಿಗೆ ಜನರ ಓಡಾಟ ಎಲ್ಲದಕ್ಕೂ ಒಂದೇ ಟ್ರ್ಯಾಕ್ಟರ್ ದುಡಿಯುವುದು ಸಾಮಾನ್ಯ. ಮಹೀಂದ್ರ, ಮ್ಯಾಸ್ಸಿ ಫರ್ಗ್ಯುಸನ್, ಎಚ್‌ಎಂಟಿ, ಸ್ವರಾಜ್ ಟ್ರ್ಯಾಕ್ಟರ್‌ಗಳು, ಪ್ಯೂಜೊ ಮೂಲದ ಡೀಸೆಲ್ ಎಂಜಿನ್ ಇರುವ ಮಹೀಂದ್ರ ಜೀಪುಗಳು, 1986ರಲ್ಲಿ ಬಂದ ಟಾಟಾ 407, 1985ರಿಂದ 1996ರವರೆಗೆ ತಯಾರಾದ ಯಮಹಾ ಆರ್‌ಎಕ್ಸ್ 100, 1994ರಲ್ಲಿ ಬಂದ ಹೀರೊ ಹೋಂಡಾ ಸ್ಪ್ಲೆಂಡರ್ ಇಂಥ ವಾಹನಗಳಿಗೆ ಉದಾಹರಣೆ.

ಹಳೆಯ ಡೀಸೆಲ್ ವಾಹನಗಳ ಪಂಪ್ ಮತ್ತು ನಾಜಲ್‌ಗಳ ಮೇಲೆ ಹೆಚ್ಚಾಗಿ ಕಾಣುವ ಹೆಸರು ಮೈಕೊ. 1951ರಲ್ಲಿ ಸ್ಥಾಪನೆಯಾದ ಮೋಟರ್ ಇಂಡಸ್ಟ್ರೀಸ್ ಕಂಪನಿಯ ಕಾರ್ಖಾನೆ ಬೆಂಗಳೂರಿನ ಆಡುಗೋಡಿಯಲ್ಲಿತ್ತು. ಸ್ಪಾರ್ಕ್ ಪ್ಲಗ್‌ಗಳನ್ನೂ ಡೀಸೆಲ್ ಇಂಧನ ಪಂಪ್‌ಗಳನ್ನೂ ಅದು ತಯಾರಿಸುತ್ತಿತ್ತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು. ಗ್ಯಾರೇಜುಗಳಲ್ಲಿ ‘ಮೈಕೊ ಪಂಪ್’ ಎಂಬ ಮಾತು ಉಳಿದುಕೊಂಡಿದೆ.

ದೋಷವಲ್ಲದ ಇಳಿಕೆ

ಎಂಜಿನ್ ಎಷ್ಟು ಗಾಳಿಯನ್ನು ಹೀರುತ್ತದೆಯೋ ಅಷ್ಟೇ ಇಂಧನವನ್ನು ಸರಿಯಾಗಿ ಸುಡಬಲ್ಲದು. ಹರಪನಹಳ್ಳಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಆ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ್ದಕ್ಕಿಂತ ಶೇ 7ರಷ್ಟು ಕಡಿಮೆ. ಉಷ್ಣತೆ 15 ಡಿಗ್ರಿಯಿಂದ 40 ಡಿಗ್ರಿ ಸೆಲ್ಸಿಯಸ್‌ಗೆ ಏರಿದರೆ ಸಾಂದ್ರತೆ ಇನ್ನೂ ಶೇ 8ರಷ್ಟು ಇಳಿಯುತ್ತದೆ. ಎರಡೂ ಸೇರಿದರೆ ಬೇಸಿಗೆಯ ಮಧ್ಯಾಹ್ನ ಟರ್ಬೊ ಇಲ್ಲದ ಎಂಜಿನ್‌ಗೆ ಸಿಗುವ ಗಾಳಿ ಏಳನೆಯ ಒಂದು ಭಾಗದಷ್ಟು ಕಡಿಮೆಯಾಗುತ್ತದೆ. ಮುಂಜಾನೆ ಚೆನ್ನಾಗಿ ಎಳೆದ ಗಾಡಿ ಏಪ್ರಿಲ್ ಮಧ್ಯಾಹ್ನ ತುಸು ಮಂಕಾದರೆ ಅದನ್ನು ಕೆಡುಕೆಂದು ಎಣಿಸಬೇಕಾಗಿಲ್ಲ. ಹೋಲಿಕೆ ನಡೆಯಬೇಕಾದುದು ಅದೇ ಗಾಡಿಯ ಹಿಂದಿನ ನಡವಳಿಕೆಯೊಡನೆ, ಅದೇ ದಾರಿಯಲ್ಲಿ, ಅದೇ ಭಾರದಲ್ಲಿ, ಅದೇ ಹೊತ್ತಿನಲ್ಲಿ.

ಎಂಜಿನ್‌ನ ಹೊರಗಿನ ಕಾರಣಗಳು

ಶಕ್ತಿ ಹುಟ್ಟುತ್ತಿದ್ದರೂ ಚಕ್ರಕ್ಕೆ ತಲುಪದಿರುವುದು ಒಂದು ಪ್ರತ್ಯೇಕ ವರ್ಗ. ಪತ್ತೆಯ ಮೊದಲ ಹೆಜ್ಜೆ ಇದನ್ನು ಬೇರ್ಪಡಿಸುವುದೇ ಆಗಿರಬೇಕು.

ಕ್ಲಚ್ ಜಾರುತ್ತಿದ್ದರೆ ಏರಿನಲ್ಲಿ ಎಂಜಿನ್ ಸದ್ದು ಏರುತ್ತದೆ, ವಾಹನದ ವೇಗ ಏರುವುದಿಲ್ಲ. ಸುಟ್ಟ ವಾಸನೆ ಬರುತ್ತದೆ. ಬ್ರೇಕ್ ಹಿಡಿದುಕೊಂಡಿದ್ದರೆ ಸ್ವಲ್ಪ ದೂರ ಓಡಿಸಿ ನಿಲ್ಲಿಸಿದಾಗ ಒಂದು ಚಕ್ರದ ಡ್ರಮ್ ಉಳಿದವುಗಳಿಗಿಂತ ಹೆಚ್ಚು ಬಿಸಿಯಾಗಿರುತ್ತದೆ. ಜ್ಯಾಕ್ ಹಾಕಿ ಚಕ್ರವನ್ನು ಕೈಯಿಂದ ತಿರುಗಿಸಿದರೆ ಖಚಿತವಾಗುತ್ತದೆ. ಬೈಕ್‌ನಲ್ಲಿ ಒಣಗಿ ಬಿಗಿದ ಚೈನ್, ಗಾಳಿ ಕಡಿಮೆಯಾದ ಟೈರ್ ಕೂಡ ಇದೇ ಪರಿಣಾಮ ಉಂಟುಮಾಡುತ್ತವೆ.

ಆಕ್ಸಲರೇಟರ್ ಕೊಂಡಿಯ ಸವೆತವನ್ನು ಮೆಕ್ಯಾನಿಕರು ಬಹಳ ಸಲ ನೋಡುವುದೇ ಇಲ್ಲ. ಒಬ್ಬರು ಪೆಡಲನ್ನು ಪೂರ್ತಿ ಒತ್ತಿ ಹಿಡಿದು, ಇನ್ನೊಬ್ಬರು ಪಂಪ್ ಅಥವಾ ಕಾರ್ಬ್ಯುರೇಟರ್ ಬಳಿ ಕೊಂಡಿ ಕೊನೆಯ ತಡೆಯವರೆಗೆ ಹೋಗುತ್ತಿದೆಯೇ ಎಂದು ನೋಡಬೇಕು. ಇದಕ್ಕೆ ಉಪಕರಣ ಬೇಡ, ಖರ್ಚೂ ಇಲ್ಲ.

ಗಾಳಿ

ಈ ಪ್ರದೇಶದಲ್ಲಿ ಶಕ್ತಿನಷ್ಟಕ್ಕೆ ಮೊದಲು ಶಂಕಿಸಬೇಕಾದದ್ದು ಏರ್ ಕ್ಲೀನರ್. ಒಣಗಿದ ಎರೆಹೊಲದ ಉಳುಮೆ ಮತ್ತು ಮೆಕ್ಕೆಜೋಳದ ಒಕ್ಕಣೆ ಎರಡರಲ್ಲೂ ಟ್ರ್ಯಾಕ್ಟರ್ ಗಂಟೆಗಟ್ಟಲೆ ದೂಳಿನ ನಡುವೆಯೇ ಇರುತ್ತದೆ. ಒಕ್ಕಣೆಯ ವೇಳೆ ವಾಹನ ಚಲಿಸುವುದೂ ಇಲ್ಲ. ಯಂತ್ರ ತೂರಿದ ಹೊಟ್ಟು ಗಾಳಿ ಬೀಸಿದತ್ತ ಬಂದು ಏರ್ ಕ್ಲೀನರಿನ ಮೇಲಿನ ಜಾಲರಿಯನ್ನೂ ರೇಡಿಯೇಟರ್‌ನ ಸಂದುಗಳನ್ನೂ ಮುಚ್ಚುತ್ತದೆ.

ಹಳೆಯ ಟ್ರ್ಯಾಕ್ಟರ್‌ಗಳಲ್ಲಿ ಇರುವುದು ಎಣ್ಣೆ ಬಟ್ಟಲಿನ ಏರ್ ಕ್ಲೀನರ್. ಗಾಳಿ ನಡುವಿನ ಕೊಳವೆಯಲ್ಲಿ ಕೆಳಗಿಳಿದು, ಬಟ್ಟಲಿನ ಎಣ್ಣೆಯ ಮೇಲೆ ತಟ್ಟನೆ ತಿರುಗಿ ಮೇಲಕ್ಕೆ ಹೋಗುತ್ತದೆ. ತಿರುವಿನಲ್ಲಿ ಭಾರವಾದ ದೂಳು ಎಣ್ಣೆಗೆ ಬೀಳುತ್ತದೆ. ಉಳಿದದ್ದನ್ನು ಎಣ್ಣೆ ಹತ್ತಿದ ತಂತಿಜಾಲ ಹಿಡಿಯುತ್ತದೆ. ಕೆಳಗಿನ ಕ್ಲಿಪ್ ಬಿಚ್ಚಿ ಬಟ್ಟಲನ್ನು ಇಳಿಸಿದರೆ ಸ್ಥಿತಿ ತಿಳಿಯುತ್ತದೆ. ತಳದಲ್ಲಿ ಬೆರಳಿಗೆ ಕೆಸರು ಸಿಕ್ಕಿದರೆ ಎಣ್ಣೆ ಬದಲಿಸಿ ಬಟ್ಟಲನ್ನು ತೊಳೆಯಬೇಕು. ಎಣ್ಣೆಯ ಮಟ್ಟ ಬಟ್ಟಲ ಮೇಲಿನ ಗೆರೆಗೆ ಸರಿಯಾಗಿರಬೇಕು. ಕಡಿಮೆಯಾದರೆ ದೂಳು ಒಳಗೆ ಹೋಗುತ್ತದೆ. ಹೆಚ್ಚಾದರೆ ಗಾಳಿಯ ದಾರಿ ಕಿರಿದಾಗುವುದಲ್ಲದೆ ಎಣ್ಣೆಯೇ ಸಿಲಿಂಡರ್‌ಗೆ ಎಳೆದುಹೋಗುತ್ತದೆ. ತಂತಿಜಾಲವನ್ನು ಮರೆತು ಬಟ್ಟಲನ್ನಷ್ಟೇ ತೊಳೆದರೆ ಕೆಲಸ ಅರ್ಧವಾದಂತೆ.

ಕಾಗದದ ಫಿಲ್ಟರ್ ಇರುವಲ್ಲಿ ಗಾಳಿಯನ್ನು ಒಳಗಿನಿಂದ ಹೊರಕ್ಕೆ ಊದಬೇಕು. ಟೈರಿಗೆ ಬಡಿದು ದೂಳು ಉದುರಿಸುವ ರೂಢಿಯಿಂದ ಕಾಗದದ ಮಡಿಕೆ ಹರಿಯುತ್ತದೆ. ಒಳಗೆ ಟಾರ್ಚ್ ಹಿಡಿದಾಗ ಸೂಜಿಮೊನೆಯಷ್ಟು ಬೆಳಕು ನೇರವಾಗಿ ಹೊರಬಂದರೂ ಆ ಫಿಲ್ಟರ್ ಬಳಸಬಾರದು. ಇನ್ನೊಂದು ಪರೀಕ್ಷೆ ಇನ್ನೂ ಮುಖ್ಯ: ಏರ್ ಕ್ಲೀನರ್‌ನಿಂದ ಎಂಜಿನ್‌ಗೆ ಹೋಗುವ ರಬ್ಬರ್ ಹೋಸನ್ನು ಬಿಚ್ಚಿ, ಎಂಜಿನ್ ಕಡೆಯ ಒಳಗೋಡೆಯನ್ನು ಬೆರಳಿಂದ ಒರೆಸಬೇಕು. ಅಲ್ಲಿ ನುಣುಪಾದ ದೂಳು ಹತ್ತಿದರೆ ಹೋಸ್ ಸೀಳಿದೆ ಅಥವಾ ಕ್ಲಿಪ್ ಸಡಿಲವಾಗಿದೆ ಎಂದರ್ಥ. ಅಂಥ ಎಂಜಿನ್‌ನಲ್ಲಿ ಪಿಸ್ಟನ್ ರಿಂಗ್ ಮತ್ತು ಲೈನರ್‌ಗಳ ಸವೆತ ಬಹಳ ಬೇಗ ಆಗುತ್ತದೆ.

ಡೀಸೆಲ್ ಇಂಧನ ಮಾರ್ಗ

ಡೀಸೆಲ್ ಟ್ಯಾಂಕಿನಿಂದ ಫೀಡ್ ಪಂಪ್, ಫಿಲ್ಟರ್, ಇಂಧನ ಪಂಪ್‌ಗಳ ಮೂಲಕ ನಾಜಲ್ ತಲುಪುತ್ತದೆ. ಟ್ಯಾಂಕ್ ಮುಚ್ಚಳದ ಗಾಳಿರಂಧ್ರ ಮುಚ್ಚಿದ್ದರೆ ಎಂಜಿನ್ ಸ್ವಲ್ಪ ಹೊತ್ತು ಚೆನ್ನಾಗಿ ಓಡಿ ಆಮೇಲೆ ಸೊರಗುತ್ತದೆ. ಮುಚ್ಚಳ ತೆರೆದಾಗ ಗಾಳಿ ಸುಯ್ಯೆಂದು ಒಳನುಗ್ಗುತ್ತದೆ. ಹಳ್ಳಿಗಳಲ್ಲಿ ಕ್ಯಾನ್, ಬ್ಯಾರಲ್‌ಗಳಲ್ಲಿ ತಂದಿಟ್ಟ ಡೀಸೆಲ್‌ನೊಂದಿಗೆ ನೀರು ಮತ್ತು ಮಣ್ಣು ಸೇರುವುದು ಫಿಲ್ಟರ್ ಕಟ್ಟಿಕೊಳ್ಳಲು ದೊಡ್ಡ ಕಾರಣ. ಸೀಮೆಎಣ್ಣೆ ಬೆರೆತ ಡೀಸೆಲ್‌ನಲ್ಲಿ ಜಾರುಗುಣ ಕಡಿಮೆ. ಡೀಸೆಲ್‌ನಿಂದಲೇ ನಯಗೊಳ್ಳಬೇಕಾದ ಪಂಪಿನ ಒಳಭಾಗಗಳು ಅದರಿಂದ ಸವೆಯುತ್ತವೆ.

ಮಾರ್ಗದಲ್ಲಿ ಗಾಳಿ ಸೇರಿದರೆ ಎಂಜಿನ್ ವೇಗ ಏರಿಳಿಯುತ್ತದೆ, ಭಾರದಲ್ಲಿ ಕುಸಿಯುತ್ತದೆ. ಫಿಲ್ಟರ್ ತಲೆಯ ಸ್ಕ್ರೂ ಸಡಿಲಿಸಿ, ಕೈ ಪಂಪ್ ಒತ್ತುತ್ತ, ನೊರೆ ನಿಂತು ಬರಿಯ ಡೀಸೆಲ್ ಬರುವವರೆಗೂ ಏರ್ ತೆಗೆಯಬೇಕು. ಮರುದಿನ ಮತ್ತೆ ಏರ್ ಹಿಡಿದರೆ ತಾಮ್ರದ ವಾಷರ್, ರಬ್ಬರ್ ಪೈಪ್, ಟ್ಯಾಂಕಿನ ಕಡೆಯ ಜೋಡಣೆಗಳನ್ನು ನೋಡಬೇಕು. ಹೀರುವ ಕಡೆಯ ಸೋರಿಕೆಯಲ್ಲಿ ಡೀಸೆಲ್ ಹೊರಗೆ ತೊಟ್ಟಿಕ್ಕದೆಯೂ ಗಾಳಿ ಒಳಗೆ ಹೋಗಬಹುದು.

ಯಾವ ಸಿಲಿಂಡರ್ ದುಡಿಯುತ್ತಿಲ್ಲ ಎಂದು ತಿಳಿಯಲು, ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ನಾಜಲ್ ಪೈಪ್‌ನ ನಟ್ಟನ್ನು ಒಂದೊಂದಾಗಿ ಸಡಿಲಿಸಿ ನೋಡುತ್ತಾರೆ. ಸದ್ದು ಬದಲಾದರೆ ಆ ಸಿಲಿಂಡರ್ ದುಡಿಯುತ್ತಿತ್ತು. ಬದಲಾಗದಿದ್ದರೆ ದೋಷ ಅಲ್ಲಿದೆ. ನಟ್ಟಿನ ಸುತ್ತ ಬಟ್ಟೆ ಹಿಡಿಯಬೇಕು, ಕಣ್ಣಿಗೆ ಕನ್ನಡಕ ಬೇಕು, ಬರಿಗೈ ಒಡ್ಡಬಾರದು. ನಾಜಲ್‌ನಿಂದ ಚಿಮ್ಮುವ ಡೀಸೆಲ್ ಚರ್ಮವನ್ನು ಸೀಳಿ ಒಳಹೋಗಬಲ್ಲದು. ಗಾಯ ಚಿಕ್ಕದಾಗಿ ಕಂಡರೂ ಅದು ತಡಮಾಡದೆ ಶಸ್ತ್ರಚಿಕಿತ್ಸೆ ಬೇಕಾಗುವ ಅಪಾಯ.

ಹಳೆಯ ನೇರ ಸಿಂಪಡಣೆಯ ಎಂಜಿನ್‌ಗಳಲ್ಲಿ ನಾಜಲ್ ತೆರೆಯುವ ಒತ್ತಡ ಮಾದರಿಗೆ ತಕ್ಕಂತೆ ಸುಮಾರು 175ರಿಂದ 250 ಬಾರ್ ಇರುತ್ತದೆ. ನಾಜಲ್ ಟೆಸ್ಟರ್ ಮೇಲೆ ಆ ಒತ್ತಡವನ್ನೂ ಸಿಂಪಡಣೆಯ ಆಕಾರವನ್ನೂ ನೋಡುತ್ತಾರೆ. ಮಂಜಿನಂತೆ ಹರಡದೆ ತೊಟ್ಟಿಕ್ಕುವ ನಾಜಲ್ ಕಪ್ಪು ಹೊಗೆಗೂ ಬಡಿತದ ಸದ್ದಿಗೂ ಕಾರಣ. ಇಂಧನ ಪಂಪನ್ನು ಪರೀಕ್ಷಾ ಬೆಂಚಿನ ಮೇಲೆ, ಪ್ರತಿ ಸಿಲಿಂಡರ್‌ಗೆ ಹೋಗುವ ಪ್ರಮಾಣ ಅಳೆದೇ ಸರಿಪಡಿಸಬೇಕು. ಶಕ್ತಿ ಕುಂದಿದ ಗಾಡಿಯ ಪಂಪಿನ ಮುದ್ರೆ ಒಡೆದು, ಇಂಧನ ಹೆಚ್ಚಿಸುವ ಸ್ಕ್ರೂ ತಿರುಗಿಸುವ ರೂಢಿ ಹಲವೆಡೆ ಇದೆ. ಗಾಳಿ ಸಾಲದ ಎಂಜಿನ್‌ಗೆ ಹೆಚ್ಚು ಡೀಸೆಲ್ ಕೊಟ್ಟರೆ ಕಪ್ಪು ಹೊಗೆ, ಅತಿಯಾದ ಬಿಸಿ, ಕೊನೆಗೆ ಪಿಸ್ಟನ್ ಹಾನಿ ಮಾತ್ರ ಸಿಗುತ್ತದೆ. ಇದು ದುರಸ್ತಿಯಲ್ಲ.

ಪಂಪಿನ ಟೈಮಿಂಗ್ ತಡವಾಗಿದ್ದರೆ ಬಿಳಿ ಹೊಗೆಯೊಂದಿಗೆ ಎಳೆತ ಕುಂದುತ್ತದೆ. ಬೇಗವಾಗಿದ್ದರೆ ಬಡಿತದ ಸದ್ದು ಜೋರಾಗುತ್ತದೆ. ಪಂಪ್ ಬಿಚ್ಚಿ ಕೂಡಿಸಿದ ಮೇಲೆ ದೂರು ಶುರುವಾಗಿದ್ದರೆ ಇದನ್ನೇ ಮೊದಲು ನೋಡಬೇಕು.

ಪೆಟ್ರೋಲ್ ವಾಹನಗಳು

ಕಿಡಿ ದುರ್ಬಲವಾಗಿದ್ದರೆ ಭಾರ ಬಿದ್ದಾಗ ಎಂಜಿನ್ ತಡವರಿಸುತ್ತದೆ. ಪ್ಲಗ್ ಬಿಚ್ಚಿ ಅದರ ಬಣ್ಣ ನೋಡುವುದು ಹಳೆಯ, ನೆಚ್ಚಬಹುದಾದ ವಿಧಾನ: ತಿಳಿಕಂದು ಬಣ್ಣ ಆರೋಗ್ಯದ ಗುರುತು; ಒಣ ಮಸಿ ಪೆಟ್ರೋಲ್ ಹೆಚ್ಚಾದುದನ್ನೂ, ಎಣ್ಣೆಯ ಜಿಡ್ಡು ರಿಂಗ್ ಅಥವಾ ವಾಲ್ವ್ ಸೀಲ್ ಸವೆದುದನ್ನೂ, ಬೂದು ಬಿಳುಪು ಪೆಟ್ರೋಲ್ ಸಾಲದೆ ಅತಿ ಬಿಸಿಯಾದುದನ್ನೂ ತೋರಿಸುತ್ತದೆ. ಸಣ್ಣ ಬೈಕ್‌ಗಳಲ್ಲಿ ಪ್ಲಗ್ ಸಂದು ಸಾಮಾನ್ಯವಾಗಿ 0.6ರಿಂದ 0.7 ಮಿಲಿಮೀಟರ್. ಪಾಯಿಂಟ್ ಇರುವ ಹಳೆಯ ವಾಹನಗಳಲ್ಲಿ ಪಾಯಿಂಟ್ ಸವೆದು ಸಂದು ಬದಲಾದರೆ ಟೈಮಿಂಗ್ ಕೂಡ ಬದಲಾಗುತ್ತದೆ. ಕಾರ್ಬ್ಯುರೇಟರ್‌ನಲ್ಲಿ ಕಟ್ಟಿದ ಮುಖ್ಯ ಜೆಟ್, ಮಟ್ಟ ತಪ್ಪಿದ ಫ್ಲೋಟ್, ಅರ್ಧ ತೆರೆದೇ ಉಳಿದ ಚೋಕ್ ಸಾಮಾನ್ಯ ದೋಷಗಳು.

ಆರ್‌ಎಕ್ಸ್ 100 ಮತ್ತು ಹಳೆಯ ಆಟೊಗಳಂಥ ಎರಡು ಸ್ಟ್ರೋಕ್ ಎಂಜಿನ್‌ಗಳಲ್ಲಿ ಪೆಟ್ರೋಲಿನೊಂದಿಗೆ ಎಣ್ಣೆಯೂ ಸುಡುವುದರಿಂದ ಸಿಲಿಂಡರ್‌ನ ನಿಷ್ಕಾಸ ದ್ವಾರ ಮತ್ತು ಸೈಲೆನ್ಸರ್‌ನಲ್ಲಿ ಕಾರ್ಬನ್ ಕಟ್ಟುತ್ತದೆ. ಕೆಳಗಿನ ವೇಗದಲ್ಲಿ ಸರಿಯಾಗಿದ್ದು ಮೇಲಿನ ವೇಗ ಏರದಿದ್ದರೆ ಅದನ್ನು ಬಿಡಿಸಬೇಕು. ಕ್ರ್ಯಾಂಕ್ ಸೀಲ್ ಸೋರಿದರೂ ಈ ಎಂಜಿನ್‌ಗಳು ಶಕ್ತಿ ಕಳೆದುಕೊಳ್ಳುತ್ತವೆ.

ಎಥೆನಾಲ್ ಬೆರೆತ ಪೆಟ್ರೋಲ್ ಹೊಸ ಅಂಶ. ಶೇ 20ರಷ್ಟು ಎಥೆನಾಲ್ ಇರುವ ಪೆಟ್ರೋಲನ್ನು 2023ರ ಫೆಬ್ರುವರಿ 6ರಂದು ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಬಿಡುಗಡೆ ಮಾಡಲಾಯಿತು. ಒಂದು ಲೀಟರ್ ಎಥೆನಾಲ್‌ನಲ್ಲಿರುವ ಶಾಖಶಕ್ತಿ ಪೆಟ್ರೋಲ್‌ಗಿಂತ ಮೂರನೆಯ ಒಂದು ಭಾಗದಷ್ಟು ಕಡಿಮೆ. ಹಳೆಯ ಕಾರ್ಬ್ಯುರೇಟರ್ ತನ್ನಷ್ಟಕ್ಕೆ ಹೊಂದಿಕೊಳ್ಳದ ಕಾರಣ ಮಿಶ್ರಣದಲ್ಲಿ ಇಂಧನದ ಪಾಲು ಸಾಲದೆ ಬರುತ್ತದೆ. ಎಥೆನಾಲ್ ನೀರನ್ನು ಹೀರುತ್ತದೆ. ಅದಕ್ಕೆಂದು ತಯಾರಾಗದ ರಬ್ಬರ್ ಭಾಗಗಳನ್ನು ಉಬ್ಬಿಸುತ್ತದೆ. ತಿಂಗಳುಗಟ್ಟಲೆ ನಿಂತ ಬೈಕ್‌ನಲ್ಲಿ ಮೊದಲು ಟ್ಯಾಂಕಿನ ತಳ ಮತ್ತು ಫ್ಲೋಟ್ ಬಟ್ಟಲನ್ನು ಬರಿದು ಮಾಡುವುದು ಒಳ್ಳೆಯದು.

ಹೊಗೆಯ ಬಣ್ಣ

ಬಿಸಿಯಾದ ಎಂಜಿನ್‌ನಲ್ಲಿ, ಭಾರದ ಅಡಿಯಲ್ಲಿ ನೋಡಿದ ಹೊಗೆ ಮಾತ್ರ ಪುರಾವೆ. ಕಪ್ಪು ಹೊಗೆ ಗಾಳಿಗೆ ಮೀರಿದ ಇಂಧನದ ಗುರುತು: ಕಟ್ಟಿದ ಏರ್ ಕ್ಲೀನರ್, ಕೆಟ್ಟ ನಾಜಲ್, ಟರ್ಬೊ ಇರುವಲ್ಲಿ ಸೋರುವ ಹೋಸ್. ನೀಲಿ ಹೊಗೆ ಎಣ್ಣೆ ಸುಡುತ್ತಿರುವುದನ್ನು ಹೇಳುತ್ತದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ಉಳಿದರೆ ಸುಡದ ಡೀಸೆಲ್ ಅಥವಾ ಹೆಡ್ ಗ್ಯಾಸ್ಕೆಟ್ ಮೂಲಕ ನುಸುಳಿದ ನೀರು ಕಾರಣ. ರೇಡಿಯೇಟರ್‌ನಲ್ಲಿ ಗುಳ್ಳೆ ಏಳುತ್ತಿದ್ದರೆ ಎರಡನೆಯದು. ಶಕ್ತಿ ಇಲ್ಲ, ಹೊಗೆಯೂ ಇಲ್ಲ ಎಂಬ ಡೀಸೆಲ್ ಗಾಡಿಯಲ್ಲಿ ಇಂಧನವೇ ಸಾಲುತ್ತಿಲ್ಲ. ಈ ಕೊನೆಯ ಸುಳಿವು ಎಂಜಿನ್ ಬಿಚ್ಚುವ ಅನಗತ್ಯ ಖರ್ಚನ್ನು ಹಲವು ಸಲ ತಪ್ಪಿಸಬಲ್ಲದು.

ಸಂಪೀಡನ

ಪಿಸ್ಟನ್ ರಿಂಗ್, ಲೈನರ್, ವಾಲ್ವ್ ಮತ್ತು ಹೆಡ್ ಗ್ಯಾಸ್ಕೆಟ್ ಸೇರಿ ಸಿಲಿಂಡರ್‌ನ ಒತ್ತಡವನ್ನು ಹಿಡಿದಿಡುತ್ತವೆ. ಗೇಜ್ ಇಟ್ಟು ಅಳೆದಾಗ ಪೆಟ್ರೋಲ್ ಎಂಜಿನ್‌ನಲ್ಲಿ ಸುಮಾರು 9ರಿಂದ 12 ಬಾರ್, ಡೀಸೆಲ್‌ನಲ್ಲಿ 25ರಿಂದ 32 ಬಾರ್ ಒತ್ತಡ ಸಾಮಾನ್ಯ. ತಯಾರಕರ ಕೈಪಿಡಿಯ ಅಂಕಿಯೇ ಅಂತಿಮ. ಡೀಸೆಲ್‌ಗೆ ಪ್ರತ್ಯೇಕ ಗೇಜ್ ಬೇಕು. ಒಂದು ಸಿಲಿಂಡರ್‌ಗೂ ಇನ್ನೊಂದಕ್ಕೂ ಶೇ 10ರಿಂದ 15ಕ್ಕಿಂತ ಹೆಚ್ಚಿನ ಅಂತರವಿದ್ದರೆ ಅದು ದೋಷ. ಪೆಟ್ರೋಲ್ ಎಂಜಿನ್‌ನಲ್ಲಿ ಪ್ಲಗ್ ರಂಧ್ರದಿಂದ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆದಾಗ ಒತ್ತಡ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್ ಸೋರುತ್ತಿದೆ. ಡೀಸೆಲ್ ಎಂಜಿನ್‌ನಲ್ಲಿ ಈ ಎಣ್ಣೆ ಪರೀಕ್ಷೆ ಮಾಡಬಾರದು. ಪಿಸ್ಟನ್ ಮೇಲಿನ ಜಾಗ ಬಹಳ ಕಿರಿದು, ಒತ್ತಲಾಗದ ದ್ರವ ಸಿಕ್ಕಿಕೊಂಡು ಕನೆಕ್ಟಿಂಗ್ ರಾಡ್ ಬಾಗಬಹುದು.

ಗೇಜ್ ಇಲ್ಲದಲ್ಲಿ ಎಣ್ಣೆ ತುಂಬುವ ಮುಚ್ಚಳ ತೆಗೆದು ಎಂಜಿನ್ ಓಡಿಸಿ ನೋಡುತ್ತಾರೆ. ರಿಂಗ್ ದಾಟಿ ಬಂದ ಅನಿಲ ಉಗಿಬಂಡಿಯಂತೆ ತಾಳಕ್ಕೆ ತಕ್ಕ ಹೊಗೆ ಉಗುಳಿದರೆ ‘ಬೋರ್ ಹೋಗಿದೆ’ ಎನ್ನುವುದು ರೂಢಿ. ಬ್ರೀದರ್ ಪೈಪ್ ಕಟ್ಟಿದ್ದರೂ ಹೀಗಾಗಬಹುದು; ಅದನ್ನು ಶುಚಿ ಮಾಡದೆ ತೀರ್ಮಾನಕ್ಕೆ ಬರಬಾರದು. ಟ್ಯಾಪೆಟ್ ಸಂದು ಇಲ್ಲವಾದರೆ ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ. ಸಂಪೀಡನ ಕಡಿಮೆ ಬಂದರೆ ಹೆಡ್ ಇಳಿಸುವ ಮುನ್ನ ಫೀಲರ್ ಗೇಜ್‌ನಿಂದ ಈ ಸಂದನ್ನು ಸರಿಪಡಿಸಿ ಮತ್ತೊಮ್ಮೆ ಅಳೆಯಬೇಕು.

ಪತ್ತೆಯ ಅನುಕ್ರಮ

ಮೊದಲು ಕೇಳಬೇಕಾದದ್ದು ದೋಷ ಒಮ್ಮೆಲೇ ಬಂತೋ ನಿಧಾನವಾಗಿ ಬಂತೋ ಎಂಬುದು. ಒಮ್ಮೆಲೇ ಬಂದುದು ಸಾಮಾನ್ಯವಾಗಿ ಇಂಧನ, ಕಿಡಿ, ಕೊಂಡಿ ಅಥವಾ ಟೈಮಿಂಗ್‌ಗೆ ಸಂಬಂಧಿಸಿರುತ್ತದೆ. ತಿಂಗಳುಗಳಲ್ಲಿ ಬೆಳೆದುದು ಫಿಲ್ಟರ್, ನಾಜಲ್, ರಿಂಗ್ ಅಥವಾ ಸೈಲೆನ್ಸರ್‌ಗೆ. ಆಮೇಲೆ ಹೊರಗಿನ ಕಾರಣಗಳು, ಗಾಳಿ, ಇಂಧನ ಫಿಲ್ಟರ್, ಹೊಗೆ, ಟ್ಯಾಪೆಟ್, ನಾಜಲ್, ಸಂಪೀಡನ, ಕೊನೆಗೆ ಪಂಪ್. ಈ ಕ್ರಮಕ್ಕೆ ಆಧಾರ ಖರ್ಚು: ಮುಂಚಿನವು ಪಾನಾ ಮತ್ತು ಬಟ್ಟೆಯಿಂದ ಮುಗಿಯುತ್ತವೆ, ಕೊನೆಯವುಗಳಿಗೆ ಪೇಟೆಯ ಬೆಂಚು ಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಅದೇ ಏರಿನಲ್ಲಿ ಓಡಿಸಿ ನೋಡಬೇಕು. ಫಿಲ್ಟರ್, ನಾಜಲ್, ಟ್ಯಾಪೆಟ್ ಮೂರನ್ನೂ ಒಟ್ಟಿಗೆ ಮುಟ್ಟಿದರೆ ಗಾಡಿ ಸರಿಹೋದರೂ ಕಾರಣ ತಿಳಿಯುವುದಿಲ್ಲ. ದೋಷ ಮರಳಿದಾಗ ಮೂರಕ್ಕೂ ಮತ್ತೆ ಖರ್ಚು ಮಾಡಬೇಕಾಗುತ್ತದೆ.

ದುರಸ್ತಿ

ಹೆಡ್ ಇಳಿಸಿ ವಾಲ್ವ್ ಉಜ್ಜಿ ರಿಂಗ್ ಬದಲಿಸುವುದನ್ನು ಹಾಫ್ ಎಂಜಿನ್ ಎಂದೂ, ಕ್ರ್ಯಾಂಕ್ ಮತ್ತು ಬೇರಿಂಗ್‌ಗಳನ್ನೂ ಸೇರಿಸಿದ ಕೆಲಸವನ್ನು ಫುಲ್ ಎಂಜಿನ್ ಎಂದೂ ಕರೆಯುತ್ತಾರೆ. ಲೈನರ್ ಇರುವ ಟ್ರ್ಯಾಕ್ಟರ್ ಎಂಜಿನ್‌ಗಳಲ್ಲಿ ಲೈನರ್, ಪಿಸ್ಟನ್, ರಿಂಗ್‌ಗಳ ಕಿಟ್ ಹಾಕುತ್ತಾರೆ. ಉಳಿದವುಗಳಲ್ಲಿ ಸಿಲಿಂಡರನ್ನು ಸಾಮಾನ್ಯವಾಗಿ 0.25 ಅಥವಾ 0.50 ಮಿಲಿಮೀಟರ್ ಹಿಗ್ಗಿಸಿ ಬೋರ್ ಮಾಡುತ್ತಾರೆ. ಸವೆದ ಲೈನರ್‌ಗೆ ಹೊಸ ರಿಂಗ್ ಮಾತ್ರ ಹಾಕಿದರೆ ಶಕ್ತಿ ಹೆಚ್ಚು ಕಾಲ ಉಳಿಯುವುದಿಲ್ಲ.

ಇಂದಿನ ಸ್ಥಿತಿ

ಖಾಸಗಿ ವಾಹನದ ನೋಂದಣಿ 15 ವರ್ಷಗಳವರೆಗೆ ಊರ್ಜಿತ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಗಳಿಗೆ ನವೀಕರಿಸಬೇಕು. ಹರಪನಹಳ್ಳಿ ತಾಲ್ಲೂಕು 1997ರಿಂದ ಸುಮಾರು ಎರಡು ದಶಕ ದಾವಣಗೆರೆ ಜಿಲ್ಲೆಯಲ್ಲಿದ್ದು, ಮತ್ತೆ ಬಳ್ಳಾರಿಗೆ ಸೇರಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಬಂದುದರಿಂದ ಇಲ್ಲಿನ ಹಳೆಯ ವಾಹನಗಳಲ್ಲಿ ದಾವಣಗೆರೆಯ ಕೆಎ 17 ಮತ್ತು ಹೊಸಪೇಟೆಯ ಕೆಎ 35 ಎರಡೂ ಫಲಕಗಳು ಕಾಣುತ್ತವೆ. ಬಿಎಸ್ 4 ಮಾಲಿನ್ಯ ಮಾನದಂಡಕ್ಕಿಂತ ಹಿಂದಿನ ಡೀಸೆಲ್ ವಾಹನಗಳಿಗೆ ಹೊಗೆ ತಪಾಸಣೆಯ ಮಿತಿ 65 ಹಾರ್ಟ್‌ರಿಜ್ ಘಟಕ (ಹೊಗೆಯ ದಟ್ಟತೆಯ ಅಳತೆ). ಏರ್ ಕ್ಲೀನರ್ ಮತ್ತು ನಾಜಲ್ ಸರಿಯಿದ್ದರೆ ಹಳೆಯ ಎಂಜಿನ್ ಕೂಡ ಈ ಮಿತಿಯೊಳಗೆ ಬರುತ್ತದೆ. ಸ್ಕ್ರೂ ತಿರುಗಿಸಿ ಇಂಧನ ಏರಿಸಿದ ಎಂಜಿನ್ ಅದನ್ನು ಮೀರುವ ಸಂಭವ ಹೆಚ್ಚು.

2020ರ ಏಪ್ರಿಲ್‌ನಿಂದ ಬಿಎಸ್ 6 ಜಾರಿಯಾದ ಮೇಲೆ ರಸ್ತೆಯ ಹೊಸ ವಾಹನಗಳಲ್ಲಿ ಪತ್ತೆಯ ಕೆಲಸ ಸ್ಕ್ಯಾನರ್‌ನಿಂದ ಶುರುವಾಗುತ್ತದೆ. ಟ್ರ್ಯಾಕ್ಟರ್‌ಗಳ ಹಾದಿ ಬೇರೆ. ಅವುಗಳ ಮಾಲಿನ್ಯ ಮಾನದಂಡವಾದ ಟ್ರೆಮ್ 4ರ ಮಿತಿಗಳು 2023ರ ಜನವರಿ 1ರಿಂದ 50 ಅಶ್ವಶಕ್ತಿಗಿಂತ ಹೆಚ್ಚಿನ ಟ್ರ್ಯಾಕ್ಟರ್‌ಗಳಿಗೆ ಮಾತ್ರ ಅನ್ವಯವಾದವು. ಅದಕ್ಕಿಂತ ಸಣ್ಣ ಟ್ರ್ಯಾಕ್ಟರ್‌ಗಳು ಆ ಬಳಿಕವೂ ಯಾಂತ್ರಿಕ ಇಂಧನ ಪಂಪ್‌ನೊಂದಿಗೇ ಮಾರುಕಟ್ಟೆಗೆ ಬಂದಿವೆ. ಅವುಗಳಲ್ಲಿ ಶಕ್ತಿನಷ್ಟ ಪತ್ತೆ ಮಾಡುವ ವಿಧಾನ ಇಲ್ಲಿ ವಿವರಿಸಿದ್ದೇ ಆಗಿದೆ.